ಮೊದಲು ಮೆಹಂದಿ, ಆಮೇಲೆ ನೀಲಿ

ಹೈದರಾಬಾದಿನಲ್ಲಿ ಮೆಹದಿಪಟ್ಟಣಂನಿಂದ ತಾರ್ನಾಕಕ್ಕೆ ಬರುವ ಬಸ್ಸಿನಲ್ಲಿ ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಸೀಟು ತೋರಿಸಿ, "ಕೂರ್ಚೋಂಡಿ ಅಮ್ಮಮ್ಮಾ" ಎಂದಳು. ತೆಲುಗಿನಲ್ಲಿ ಅಮ್ಮಮ್ಮ ಎಂದರೆ ಅಜ್ಜಿ. ನನ್ನ ಪಕ್ಕದಲ್ಲಿ ಅತ್ತೆ ಕಂಬಿ ಹಿಡಿದು ನಿಂತಿದ್ದರು. ಅವರನ್ನೇ ಕರೆದಿರಬೇಕೆಂದು ನಾನು ಸರಿದು ದಾರಿ ಬಿಟ್ಟೆ. ಹುಡುಗಿ ನನ್ನ ಮೊಣಕೈ ಹಿಡಿದು, "ಮೀರೇ, ಮೀರೇ," ಅಂದರೆ ನೀವೇ, ಎನ್ನುತ್ತ ನನ್ನನ್ನೇ ಕೂರಿಸಿದಳು. ಆಗ ನನಗೆ ನಲವತ್ತು ತುಂಬಿರಲಿಲ್ಲ. ಅತ್ತೆಗೆ ಅರವತ್ತೈದು ದಾಟಿತ್ತು. ಆದರೆ ಅವರ ತಲೆ ಕಾಡಿಗೆಯಷ್ಟು ಕಪ್ಪು, ನನ್ನದು ಆಗತಾನೇ ಬಿಡಿಸಿದ ಹತ್ತಿ.

ಅತ್ತೆ ಮನೆಗೆ ಬಂದು ಮಂಚದ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತ ಹೇಳಿದರು: "ಆ ಹುಡುಗೀದು ತಪ್ಪೇನಿಲ್ಲ ಬಿಡು. ಆದ್ರ ನೀ ಹಿಂಗ ಬಿಳಿ ತಲಿ ಹೊತ್ಕೊಂಡು ನನ್ನ ಮಗ್ಗಲಾಗ ನಿಂತ್ರ ಈ ಊರಾಗ ನನಗ ಯಾರೂ ಸೀಟು ಕೊಡಂಗಿಲ್ಲವಾ."

ನನಗೆ ನಗು ಬಂತು. ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದ ಮೇಲೆ ನಗು ನಿಂತಿತು.

ಬಿಳಿಕೂದಲು ನನಗೆ ತವರಿನಿಂದ ಬಂದ ಬಳುವಳಿ. ಅಪ್ಪನ ತಲೆಯೂ ಹೀಗೆಯೇ ಬೇಗ ನೆರೆತಿತ್ತು. ಮೂವತ್ತು ದಾಟುವುದರೊಳಗೆ ಬೈತಲೆಯ ಎರಡೂ ಬದಿ ಬೆಳ್ಳಗಾದಾಗ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ದಿಲ್‌ಸುಖ್‌ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಬ್ಯೂಟಿ ಪಾರ್ಲರ್ ಇತ್ತು. ಅದನ್ನು ನಡೆಸುತ್ತಿದ್ದ ತೆಲುಗು ಹೆಂಗಸು ನನ್ನದೇ ವಯಸ್ಸಿನವಳು, ಮೃದುವಾದ ಕೈ, ನಿಲ್ಲದ ಮಾತು. ತಿಂಗಳಿಗೊಮ್ಮೆ ಅಲ್ಲಿ ಹೋಗಿ ಬಣ್ಣ ಹಾಕಿಸಿಕೊಂಡು, ಕೆಳಗಿಳಿದು ಮಿರ್ಚಿ ಬಜ್ಜಿ ತಿಂದು ಮನೆಗೆ ಬರುವುದು ನನಗೆ ಹಬ್ಬದ ಹಾಗಿತ್ತು. ಒಂದು ಸಲ ಹಾಗೆ ಬಂದ ಸಂಜೆಯೇ ಹಣೆ ತುರಿಸತೊಡಗಿತು. ಬೆಳಿಗ್ಗೆ ಏಳುವಷ್ಟರಲ್ಲಿ ಕಣ್ಣು ತೆರೆಯಲು ಆಗುತ್ತಿರಲಿಲ್ಲ, ಕಿವಿಗಳು ಪೂರಿಯಂತೆ ಉಬ್ಬಿದ್ದವು. ಚರ್ಮದ ಡಾಕ್ಟರು ನೋಡಿ, ಬಣ್ಣಕ್ಕೆ ಕಪ್ಪು ಕೊಡುವ ರಾಸಾಯನಿಕವೇ ನನ್ನ ಮೈಗೆ ಒಗ್ಗುವುದಿಲ್ಲವೆಂದರು. ಇನ್ನೊಮ್ಮೆ ಹಚ್ಚಿದರೆ ಗಂಟಲೂ ಊದಿಕೊಳ್ಳಬಹುದು, ಆ ಡಬ್ಬಿಯನ್ನು ಮುಟ್ಟಲೇ ಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಪಾರ್ಲರಿನವಳದೇನೂ ತಪ್ಪಿರಲಿಲ್ಲ. ಪಾಪ, ನನ್ನ ಮುಖ ನೋಡಿ ಅವಳೂ ಹೆದರಿಬಿಟ್ಟಿದ್ದಳು. ಮನೆಯಲ್ಲೇ ಸೊಪ್ಪು ಸದೆ ಏನಾದರೂ ಹಚ್ಚಿಕೊಳ್ಳಲೇ ಎಂದು ಕೇಳಿದ್ದಕ್ಕೆ ಅವಳು ತೆಲುಗಿನಲ್ಲಿ ಸಮಾಧಾನವಾಗಿಯೇ ಹೇಳಿದಳು, ಮನೆಯಲ್ಲಿ ಮಾಡಿಕೊಂಡರೆ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗುತ್ತದೆ, ತಮ್ಮ ತಲೆಯ ಹಿಂಭಾಗ ಯಾರ ಕೈಗೂ ಸರಿಯಾಗಿ ಸಿಗುವುದಿಲ್ಲ, ಇನ್ನು ಬಿಟ್ಟುಬಿಡಿ ಮೇಡಂ, ಬಿಳಿಕೂದಲಿಗೂ ಒಂದು ಗೌರವ ಇದೆ ಎಂದು. ಪ್ರತಿ ತಿಂಗಳು ತನ್ನ ತಲೆಗೆ ತಾನೇ ಬಣ್ಣ ಹಚ್ಚಿಕೊಳ್ಳುತ್ತಿದ್ದ ಹೆಂಗಸು ನನಗೆ ಆ ಗೌರವ ಹೊರಿಸಿ ಕಳಿಸಿದಳು. ನನ್ನ ಗಂಡ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅವರು ಪೇಪರಿನಿಂದ ಕಣ್ಣೆತ್ತದೆ, "ನೀ ಹೆಂಗಿದ್ರೂ ನನಗ ಚಂದ ಕಾಣ್ತಿ" ಎಂದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಒಂದೂವರೆ ವರ್ಷದಲ್ಲಿ ನನ್ನ ತಲೆ ಪೂರ್ತಿ ಬೆಳ್ಳಗಾಯಿತು.

ಬಸ್ಸಿನ ಘಟನೆಯಾದ ಮರುದಿನ ಅತ್ತೆ ತಾವಾಗಿಯೇ ಮಾತು ತೆಗೆದರು.

"ಕೆಳಗಿನ ಆಪಾನ ತಲಿ ನೋಡೀಯಿಲ್ಲೋ? ನನಕಿಂತಾ ದೊಡ್ಡಾಕಿ. ಆಕಿ ಯಾವ ಪಾರ್ಲರಿಗೆ ಹೋಗ್ತಾಳ?"

ಆಪಾ ಎಂದರೆ ನಮ್ಮ ಮನೆ ಮಾಲೀಕರ ಹೆಂಡತಿ, ಹಳೇ ಹೈದರಾಬಾದಿನ ಮುಸಲ್ಮಾನ ಹೆಂಗಸು. ಇಡೀ ಬೀದಿಯೇ ಅವರನ್ನು ಆಪಾ, ಅಂದರೆ ಅಕ್ಕ ಎಂದು ಕರೆಯುತ್ತಿತ್ತು. ಅತ್ತೆ ಬಿಜಾಪುರದವರಾದ್ದರಿಂದ ಅವರ ಕನ್ನಡದೊಳಗೇ ಅರ್ಧ ಉರ್ದು ಇತ್ತು. ಇಬ್ಬರೂ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಆಪಾರ ಕೂದಲು ಕಪ್ಪಗಿತ್ತು. ಬಿಸಿಲು ಬಿದ್ದರೆ ಒಳಗಿಂದ ಸ್ವಲ್ಪ ಕೆಂಪು ಹೊಳೆಯುತ್ತಿತ್ತು.

ನಾವಿಬ್ಬರೂ ಇಳಿದು ಹೋಗಿ ಕೇಳಿದೆವು. ಆಪಾ ಮುಚ್ಚುಮರೆಯಿಲ್ಲದೆ ಹೇಳಿದರು: "ಪೈಲೇ ಮೆಹಂದಿ, ಬಾದ್ ಮೇ ನೀಲ್. ಉಲ್ಟಾ ನಕ್ಕೋ ಕರೋ." ಮೊದಲು ಮೆಹಂದಿ, ಆಮೇಲೆ ನೀಲಿ, ತಿರುವು ಮುರುವು ಮಾಡಬೇಡ ಎಂದು.

"ನೀಲಿ ಅಂದ್ರ ಬಟ್ಟಿಗೆ ಹಾಕೂದೇನ?" ಎಂದರು ಅತ್ತೆ ಗಾಬರಿಯಾಗಿ.

ಆಪಾ ಬಿದ್ದು ಬಿದ್ದು ನಕ್ಕರು. ಅದು ನೀಲಿ ಗಿಡದ ಎಲೆಯನ್ನು ಒಣಗಿಸಿದ ಪುಡಿ, ಗಿಡಮೂಲಿಕೆ ಮಾರುವ ಅಂಗಡಿಯಲ್ಲಿ ಸಿಗುತ್ತದೆ ಎಂದು ತಿಳಿಸಿ ಹೇಳಿದರು. ಕಾಲಿ ಮೆಹಂದಿ, ಅಂದರೆ ಕಪ್ಪು ಮೆಹಂದಿ ಎಂದು ಮಾರುವ ಪೊಟ್ಟಣ ಕೊಳ್ಳಬೇಡ, ಅದರಲ್ಲಿ ನಿನಗಾಗದ ಅದೇ ರಾಸಾಯನಿಕ ಇರುತ್ತದೆ. ಮೂಗಿಗೆ ಹಿಡಿದರೆ ಹಸಿ ಹುಲ್ಲಿನ ವಾಸನೆ ಬರಬೇಕು ಎಂದು ಎಚ್ಚರಿಸಿದರು. ನಾನು ಎರಡೂ ಪುಡಿಗಳನ್ನು ತಂದು, ಮೊದಲು ಮೊಣಕೈಯ ಒಳಮಗ್ಗುಲಿಗೆ ಒಂದು ಬೊಟ್ಟು ಹಚ್ಚಿಕೊಂಡು ಕಾದೆ. ಅತ್ತೆ ಎರಡು ದಿನ ಬೆಳಿಗ್ಗೆ ಎದ್ದ ಕೂಡಲೇ ನನ್ನ ತೋಳು ತಿರುಗಿಸಿ ನೋಡುತ್ತಿದ್ದರು. ತುರಿಕೆಯಿಲ್ಲ, ಗುಳ್ಳೆಯಿಲ್ಲ. ಒಂದು ಬೊಟ್ಟು ಬಣ್ಣ ಮಾತ್ರ ಅಲ್ಲಿಯೇ ಕೂತಿತ್ತು.

ನಮ್ಮನ್ನು ಕೆಡಿಸಿದ್ದು ನೀರು. ಆಗ ನಮ್ಮ ಬೀದಿಗೆ ದಿನ ಬಿಟ್ಟು ದಿನ ನಲ್ಲಿ ಬರುತ್ತಿತ್ತು. ಮೆಹಂದಿ ಹಚ್ಚಿ ತೊಳೆದು, ಮತ್ತೆ ನೀಲಿ ಹಚ್ಚಿ ತೊಳೆಯುವುದೆಂದರೆ ಡ್ರಮ್ಮು ಅರ್ಧ ಖಾಲಿ. ಭಾನುವಾರ ಬೆಳಿಗ್ಗೆ ಅತ್ತೆ ಡ್ರಮ್ಮಿನೊಳಗೆ ಇಣುಕಿ ನೋಡಿ, "ಕಪ್ಪ ಆಗೂದು ನೀಲಿಯಿಂದ ಹೌದಲ್ಲೋ? ಮತ್ತ ಆ ಮೆಹಂದಿ ಯಾಕ? ಬರೇ ನೀಲಿ ಹಚ್ಚೂಣು" ಎಂದರು. ನನಗೂ ಅದು ಸರಿಯೆನ್ನಿಸಿತು. ಶಾಲೆಯಲ್ಲಿ ಗಣಿತ ಕಲಿಸುವವಳಿಗೆ ಒಂದು ಹೆಜ್ಜೆ ಉಳಿಯುತ್ತದೆಂದರೆ ಸಂತೋಷವೇ.

ತೊಳೆದು ಒರೆಸಿಕೊಂಡು ಕನ್ನಡಿ ನೋಡಿದೆ. ಹುಣಸೆಹಣ್ಣು ಕಾಣದೆ ಕಿಲುಬು ಹಿಡಿದ ತಾಮ್ರದ ಕೊಡದ ಬಣ್ಣ. ಹಸಿರು, ಅದರ ಮೇಲೆ ಬೂದು, ಕಿವಿಯ ಹತ್ತಿರ ಸ್ವಲ್ಪ ನೀಲಿ. ಅತ್ತೆ ಬಹಳ ಹೊತ್ತು ನೋಡಿ, "ಗಿಳಿ ಆದಿ ನೋಡವಾ" ಎಂದರು. ಗಂಡ ಆ ದಿನ ಪೇಪರಿನಿಂದ ಕಣ್ಣೆತ್ತಿದರು, ಮತ್ತೆ ಬೇಗ ಇಳಿಸಿಕೊಂಡರು.

ಆಪಾರನ್ನು ಕೇಳಿದರೆ, ಕೆಳಗೆ ಮೆಹಂದಿಯ ಕೆಂಪಿಲ್ಲದೆ ಬಿಳಿಕೂದಲ ಮೇಲೆ ನೀಲಿ ಕಪ್ಪಾಗುವುದಿಲ್ಲ, ಪರವಾಗಿಲ್ಲ, ಇದರ ಮೇಲೆ ಮೆಹಂದಿ, ಮೆಹಂದಿಯ ಮೇಲೆ ನೀಲಿ, ಎಲ್ಲ ಸರಿಹೋಗುತ್ತದೆ ಎಂದರು. ಆದರೆ ನೀರು ಬರುವುದು ಮಂಗಳವಾರ. ಸೋಮವಾರ ಶಾಲೆ.

"ನಾಳೆ ರಜಾ ಹಾಕ್ತೀನ್ರಿ ಅತ್ತಿ" ಎಂದೆ.

"ಯಾಕ? ಏನ ಕಳವು ಮಾಡೀಯೇನ?"

ಸೋಮವಾರ ಬೆಳಿಗ್ಗೆ ಎಂದಿನಂತೆ ಜಡೆ ಹೆಣೆದು, ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟೆ. ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದೊಡನೆ ಹಿಂದೆ ಕಿಸಿಕಿಸಿ ಶುರುವಾಯಿತು. ನಾನು ಚಾಕ್‌ಪೀಸ್ ಕೆಳಗಿಟ್ಟು, ನೋಡಬೇಕೆನ್ನುವವರೆಲ್ಲ ಈಗಲೇ ಸರಿಯಾಗಿ ನೋಡಿಬಿಡಿ, ಆಮೇಲೆ ಲೆಕ್ಕ ಎಂದು ಹೇಳಿ, ಒಮ್ಮೆ ನಿಧಾನವಾಗಿ ಸುತ್ತು ತಿರುಗಿ ನಿಂತೆ. ನೋಡಿದರು. ನಕ್ಕರು. ನಾನೂ ನಕ್ಕೆ. ಆಮೇಲೆ ಲೆಕ್ಕ ನಡೆಯಿತು. ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ಕರೆಸಿ, ಇದೇನು ಮೇಡಂ ಎಂದು ನನ್ನ ತಲೆಯ ಕಡೆ ಕೈ ತೋರಿಸಿದರು. "ಬಣ್ಣ ಹಾಕಿಕೊಳ್ಳುತ್ತಿದ್ದೇನೆ ಮೇಡಂ, ಕೆಲಸ ಇನ್ನೂ ಅರ್ಧ ಆಗಿದೆ" ಎಂದೆ. ಅವರು ತಲೆಯಾಡಿಸಿ ಮುಂದಿದ್ದ ಹಾಜರಿ ಪುಸ್ತಕವನ್ನು ಎಳೆದುಕೊಂಡರು. ಹೊರಗೆ ಬಂದಾಗ ನನ್ನ ಎದೆ ಹಗುರಾಗಿತ್ತು. ಒಂದೂವರೆ ವರ್ಷ ನಾನು ಬಿಳಿ ತಲೆಯನ್ನು ತಗ್ಗಿಸಿಕೊಂಡೇ ನಡೆದಿದ್ದೆ. ಹಸಿರು ತಲೆಯನ್ನು ಎತ್ತಿಕೊಂಡು ನಡೆದೆ.

ಮಂಗಳವಾರ ಸಂಜೆ ಬಾಲ್ಕನಿಯಲ್ಲಿ ಪೇಪರು ಹಾಸಿ, ಮಣೆ ಇಟ್ಟು ಕೂತೆ. ಆಪಾ ಕಬ್ಬಿಣದ ಬಾಣಲೆಯಲ್ಲಿ ಚಹಾದ ಡಿಕಾಕ್ಷನ್ ಹಾಕಿ ಮೆಹಂದಿ ಕಲಸಿ ಕಳಿಸಿದ್ದರು. ಅತ್ತೆ ತೊಳೆದ ಹಾಲಿನ ಪ್ಯಾಕೆಟ್ಟುಗಳಲ್ಲಿ ಕೈ ತೂರಿಸಿ, ಮಣಿಕಟ್ಟಿಗೆ ದಾರ ಕಟ್ಟಿಕೊಂಡು ಹಿಂದೆ ನಿಂತರು.

"ನಿಮಗ ಬರ್ತೈತೇನ್ರಿ ಅತ್ತಿ?"

"ಊರಾಗ ಇಡೀ ಮನಿ ಗ್ವಾಡಿ ಸಾರಿಸಿದಾಕಿ ನಾ. ನಿನ್ನ ತಲಿ ಏನು ದೊಡ್ಡದು? ಸುಮ್ನ ಕುಂದ್ರು."

ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಅದುವರೆಗೆ ಅವರು ನನ್ನ ತಲೆ ಮುಟ್ಟಿರಲಿಲ್ಲ. ಹಣಿಗೆಯ ಹಲ್ಲಿನಿಂದ ಒಂದೊಂದೇ ಬೈತಲೆ ತೆಗೆದು, ಬುಡಕ್ಕೆ ತಣ್ಣಗೆ ಮೆಹಂದಿ ಒತ್ತುತ್ತಿದ್ದರು. ಕೈ ಬಿರುಸು, ಆದರೆ ಒಂದು ಕೂದಲೂ ಎಳೆಯಲಿಲ್ಲ. ನಾನು ಕೇಳದೆಯೇ ಮಾತು ಶುರು ಮಾಡಿದರು.

"ನಿಮ್ಮ ಮಾವ ಹೋದಾಗ ನಾ ನಿನ್ನಷ್ಟ ಇದ್ದೆ. ಹೂವ ಬಿಟ್ಟೆ, ಬಳಿ ಬಿಟ್ಟೆ. ಒಂದಿನ ನಮ್ಮ ಮನ್ಯಾಗಿನ ಹಿರಿ ಮನುಷಾರೊಬ್ರು ನಾ ಎಣ್ಣಿ ಬಟ್ಟಲ ತಗೊಂಡಿದ್ದು ನೋಡಿ ಅಂದ್ರು, ಇನ್ನ ತಲಿಗೆ ಎಣ್ಣಿ ಯಾಕ, ಯಾರಿಗೆ ತೋರಸಾಕ, ಅಂತ."

"ನೀವೇನಂದ್ರಿ?"

"ಏನೂ ಅನ್ನಲಿಲ್ಲ. ಬಟ್ಟಲ ತಗೊಂಡು ಪಡಸಾಲಿಗೆ ಬಂದೆ. ನಡು ಮಧ್ಯಾಹ್ನ, ಎಲ್ಲಾ ಗಂಡಸರು ಊಟಕ್ಕ ಕುಂತಿದ್ರು. ಅವರ ಎದುರಿಗೇ ಕುಂತು ಕೂದಲ ಬಿಚ್ಚಿ, ಎಣ್ಣಿ ಹಚ್ಚಿ, ಬಾಚಿ, ಗಂಟ ಹಾಕಿ ಎದ್ದೆ. ತಲಿ ನಂದು. ಅವತ್ತಿಂದ ನನ್ನ ತಲಿ ಸುದ್ದಿಗೆ ಯಾರೂ ಬರಲಿಲ್ಲ."

ಹಿಂದೆ ತಿರುಗಿ ಅವರ ಮುಖ ನೋಡಬೇಕೆನ್ನಿಸಿತು. "ಅಲ್ಲಾಡಬ್ಯಾಡ, ಕಿವಿ ಕೆಂಪ ಆಗ್ತಾವ" ಎಂದು ಗದರಿಸಿ ತಲೆಯನ್ನು ಮುಂದಕ್ಕೆ ತಳ್ಳಿದರು. ಬಸ್ಸಿನಿಂದ ಇಳಿದ ಮೇಲೆ ಅತ್ತೆ ಸೀಟಿನ ನೆಪ ಹೇಳಿದ್ದು ಸೀಟಿಗಾಗಿ ಅಲ್ಲ, ನನಗಾಗಿ ಎಂದು ನನಗೆ ಆಗ ಗೊತ್ತಾಯಿತು.

ತೊಳೆದಾಗ ಕಿಲುಬು ಹೋಗಿ ಬೆಳಗಿದ ತಾಮ್ರ ಬಂದಿತ್ತು, ಕಣ್ಣು ಕುಕ್ಕುವ ಕಿತ್ತಳೆ ಕೆಂಪು. ಬುಧವಾರ ಅದೇ ತಲೆಯಲ್ಲಿ ಶಾಲೆಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ಮಕ್ಕಳು ಮುಂದೇನು ಬಣ್ಣ ಬರುತ್ತದೆಂದು ಕಾಯುತ್ತಿದ್ದ ಹಾಗಿತ್ತು. ಗುರುವಾರ ನಲ್ಲಿ ಬಂದ ಮೇಲೆ ನೀಲಿ ಪುಡಿಯನ್ನು ಬೆಚ್ಚನೆ ನೀರಲ್ಲಿ ಕಲಸಿ, ತಡಮಾಡದೆ ಹಚ್ಚಿದೆವು. ಬಾಲ್ಕನಿಯೆಲ್ಲ ಆಗತಾನೇ ಕೊಯ್ದ ಹುಲ್ಲಿನ ವಾಸನೆ. ತೊಳೆದ ಮೇಲೂ ಒಂದು ಹಸಿರು ಛಾಯೆ ಕಂಡು ನಾನು ಬಾಲ್ಕನಿಯಿಂದ ಆಪಾರನ್ನು ಕೂಗಿದೆ. ನಾಳೆಯವರೆಗೆ ತಡೆ, ಗಾಳಿ ತಾಗಬೇಕು ಎಂದು ಆಪಾ ಕೆಳಗಿನಿಂದಲೇ ಕೂಗಿ ಹೇಳಿದರು.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಕೂದಲು ಕಪ್ಪಾಗಿತ್ತು. ಡಬ್ಬಿಯ ಬಣ್ಣದ ಸತ್ತ ಕಪ್ಪಲ್ಲ, ಗಟ್ಟಿಯಾಗಿ ಕಾಯಿಸಿದ ಬೆಲ್ಲದ ಪಾಕದ ಕಪ್ಪು. ಕಿಟಕಿಯ ಬಿಸಿಲಿಗೆ ಹಿಡಿದರೆ ಒಳಗೆ ಒಂದು ಕೆಂಪು ಎಳೆ. ತುರಿಕೆಯಿಲ್ಲ, ಊತವಿಲ್ಲ. ಕೂದಲು ಕಟ್ಟದೆ ಹಾಗೇ ಮೆಟ್ಟಿಲಿಳಿದು ಹೋಗಿ ಆಪಾರಿಗೆ ತೋರಿಸಿದೆ. ಮನೆಯಲ್ಲಿ ಹಾಲಿದ್ದರೂ ಹಾಲಿನ ಅಂಗಡಿಯವರೆಗೆ ಹೋಗಿ ಬಂದೆ. ಶಾಲೆಯಲ್ಲಿ ಒಂಬತ್ತನೇ ತರಗತಿಯವರು ನಾನು ಒಳಗೆ ಕಾಲಿಟ್ಟೊಡನೆ ಬೆಂಚು ಬಡಿದರು. ಹೆಡ್‌ಮಿಸ್ಟ್ರೆಸ್ ದೂರದಿಂದಲೇ ನೋಡಿ, "ಮುಗಿಯಿತೇ?" ಎಂದು ಕೇಳಿದರು. ಮುಗಿಯಿತು ಎಂದೆ.

ಮುಂದಿನ ಒಂದು ವರ್ಷ ತಲೆಯ ಹಿಂಭಾಗವನ್ನೆಲ್ಲ ಅತ್ತೆಯೇ ಹಚ್ಚಿದರು. ಬೇಸಿಗೆಯಲ್ಲಿ ಅವರು ಬಿಜಾಪುರಕ್ಕೆ, ಮಗಳ ಬಾಣಂತನಕ್ಕೆ ಹೋದರು. ಅದೇ ಹೊತ್ತಿಗೆ ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದ ರಾಯಚೂರಿನವರೊಬ್ಬರ ಮಗಳ ಮದುವೆ ಬಂತು, ದಿಲ್‌ಸುಖ್‌ನಗರದ ಒಂದು ಛತ್ರದಲ್ಲಿ. ಬುಡದಲ್ಲಿ ಬೆಳ್ಳಿಗೆರೆ ಕಾಣುತ್ತಿತ್ತು. ಗಂಡ ತಾವೇ ಮುಂದೆ ಬಂದು ಸಹಾಯ ಮಾಡುತ್ತೇನೆಂದರು. ಅವರ ಕೈಗೆ ಕನ್ನಡಿ ಕೊಟ್ಟು ಹಿಂದೆ ನಿಲ್ಲಿಸಿದರೆ, ಅದರಲ್ಲಿ ತಮ್ಮ ಮೀಸೆಯನ್ನು ನೋಡಿಕೊಳ್ಳುತ್ತ ನಿಂತರು. ಅವರನ್ನು ಕಳಿಸಿ, ಅವರ ಗಡ್ಡ ಹೆರೆಯುವ ಕನ್ನಡಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಬೀರುವಿನ ಕನ್ನಡಿಗೆ ಬೆನ್ನು ಮಾಡಿ ಕೂತೆ. ಮೊದಮೊದಲು ಎಡಕ್ಕೆ ಹೋಗಬೇಕಾದ ಕೈ ಬಲಕ್ಕೆ ಹೋಯಿತು. ಆಮೇಲೆ ಕನ್ನಡಿಯನ್ನೇ ಬಿಟ್ಟೆ. ಕಣ್ಣು ಮುಚ್ಚಿ, ಕುತ್ತಿಗೆಯ ಕುಳಿಯಿಂದ ಶುರು ಮಾಡಿ, ಅತ್ತೆಯ ಬೆರಳು ಹೇಗೆ ಮೇಲೇರುತ್ತಿತ್ತೋ ಹಾಗೆಯೇ ನನ್ನ ಬೆರಳನ್ನು ಏರಿಸಿದೆ. ಬೈತಲೆ ಎಲ್ಲಿದೆಯೆಂದು ಬೆರಳಿಗೇ ಗೊತ್ತಾಗುತ್ತಿತ್ತು.

ಮದುವೆಯ ದಿನ ಅತ್ತೆ ಬಿಜಾಪುರದಿಂದ ನೇರ ಛತ್ರಕ್ಕೇ ಬಂದಿಳಿದರು. ಮಗನನ್ನು ಮಾತಾಡಿಸುವ ಮೊದಲು ನನ್ನ ಜಡೆ ಎತ್ತಿ, ಪಾತ್ರೆಗೆ ಮಸಿ ಉಳಿದಿದೆಯೇ ಎಂದು ನೋಡುವ ಹಾಗೆ ಕುತ್ತಿಗೆಯ ಮೇಲೆ ಬೆರಳಾಡಿಸಿದರು.

"ಹಿಂದಿಂದು ಯಾರ ಹಚ್ಚಿದ್ರು?"

"ನಾನ ಹಚ್ಕೊಂಡೀನ್ರಿ."

"ಎಲ್ಲೂ ಬಿಟ್ಟಿಲ್ಲ" ಎಂದರು. ಅವರಿಂದ ಅದಕ್ಕಿಂತ ದೊಡ್ಡ ಮಾತು ನಾನು ಹಿಂದೆಂದೂ ಕೇಳಿರಲಿಲ್ಲ.

ನಾವು ಹಾಗೆ ನಿಂತಿರುವಾಗಲೇ ವಧುವಿನ ಕೋಣೆಯ ಬಾಗಿಲು ತೆರೆದು ಮೇಕಪ್ಪಿನ ಪೆಟ್ಟಿಗೆ ಹಿಡಿದ ಹೆಂಗಸೊಬ್ಬಳು ಹೊರಗೆ ಬಂದಳು. ನನ್ನ ಹಳೆಯ ಪಾರ್ಲರಿನವಳು. ಗುರುತು ಹಿಡಿದು ನಕ್ಕವಳು, ನನ್ನ ತಲೆ ನೋಡಿ ನಗು ನಿಲ್ಲಿಸಿದಳು. ನನ್ನ ಸುತ್ತ ಒಂದು ಸುತ್ತು ಬಂದಳು.

"ಎಕ್ಕಡ ಚೇಯಿಂಚಾರು ಮೇಡಂ?" ಎಲ್ಲಿ ಮಾಡಿಸಿದಿರಿ ಎಂದು.

"ಇಂಟ್ಲೋ. ನೇನೇ." ಮನೆಯಲ್ಲಿ. ನಾನೇ.

"ವೆನಕ ಕೂಡಾ?" ಹಿಂದೆ ಕೂಡ?

ಹಿಂದೆ ಕೂಡ ಎಂದೆ. ಆ ಎರಡು ಪದ ಹೇಳುವಾಗ ನಾನು ಒಂದು ಗೇಣು ಎತ್ತರವಾದ ಹಾಗಿತ್ತು. ಅತ್ತೆ ನನ್ನ ತೋಳು ತಿವಿದು, "ನಾ ಕಲಿಸೀನಿ ಅಂತ ಹೇಳು" ಎಂದರು. ಅದನ್ನೂ ಹೇಳಿದೆ. ಪಾರ್ಲರಿನವಳು ಅತ್ತೆಯ ಕಪ್ಪು ಗಂಟನ್ನು ನೋಡಿ, ಇವರಿಗೂ ಇದೇ ಬಣ್ಣವೇ ಎಂದು ಕೇಳಿದಳು. ಅದು ದೇವರು ಹಚ್ಚಿದ್ದು ಎಂದೆ.

ಅವಳು ನನ್ನನ್ನು ಪಕ್ಕಕ್ಕೆ ಕರೆದು ತನ್ನ ಅಂಗೈ ಚಾಚಿದಳು. ಬೆರಳ ಸಂದುಗಳೆಲ್ಲ ಒಡೆದು ಕೆಂಪಾಗಿದ್ದವು. ವರ್ಷಗಟ್ಟಲೆ ಬೇರೆಯವರ ತಲೆಗೆ ಬಣ್ಣ ಕಲಸಿ ಕಲಸಿ ಅವಳಿಗೂ ಆ ರಾಸಾಯನಿಕ ಆಗದಂತಾಗಿತ್ತು. ಕೈಗವಸು ಹಾಕಿ ಕೆಲಸವನ್ನೇನೋ ಮಾಡುತ್ತಿದ್ದಳು, ತನ್ನ ತಲೆಗೆ ಹಚ್ಚಿಕೊಳ್ಳುವುದನ್ನು ಮಾತ್ರ ನಿಲ್ಲಿಸಿದ್ದಳು. ತಲೆಯ ಮೇಲಿದ್ದ ಸೆರಗು ಸರಿಸಿ ತೋರಿಸಿದಳು; ಕಿವಿಯ ಮೇಲೆ ಬೆಳ್ಳಗೆ. ಪಾರ್ಲರ್ ನಡೆಸುವವಳೇ ಹೀಗಿದ್ದರೆ ಗಿರಾಕಿಗಳು ಏನೆಂದುಕೊಳ್ಳುತ್ತಾರೆ ಮೇಡಂ ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ನನಗೂ ಮಾಡಿಕೊಡುತ್ತೀರಾ ಎಂದು ಕೇಳಿದಳು.

ಮಂಗಳವಾರ ಅವಳ ಪಾರ್ಲರಿಗೆ ರಜೆ. ಅವಳ ಮೊಣಕೈಗೂ ಮೊದಲೇ ಒಂದು ಬೊಟ್ಟು ಹಚ್ಚಿ ಕಳಿಸಿದ್ದೆ, ಏನೂ ಆಗಿರಲಿಲ್ಲ. ಆಟೋ ಇಳಿದು ನಮ್ಮ ಮೆಟ್ಟಿಲು ಹತ್ತಿ ಬಂದು, ಬಾಲ್ಕನಿಯ ಮಣೆಯ ಮೇಲೆ ಕಾಲು ಮಡಚಿ ಕೂತಳು. ನಾನು ಹಿಂದೆ ನಿಂತು ಬೈತಲೆ ತೆಗೆದೆ. ಅತ್ತೆ ಕುರ್ಚಿ ಹಾಕಿಕೊಂಡು ಕೂತು, ಎಲ್ಲಿ ತೆಳುವಾಯಿತು, ಎಲ್ಲಿ ದಪ್ಪವಾಯಿತು ಎಂದು ಬೆರಳು ತೋರಿಸುತ್ತಿದ್ದರು. ಆಪಾ ಚಹಾದ ತಟ್ಟೆ ಹಿಡಿದು ಮೇಲೆ ಬಂದರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬಾಲ್ಕನಿಯಲ್ಲಿ ಗಲಗಲ ಎನ್ನುತ್ತಿದ್ದವು. ಪಾರ್ಲರಿನವಳು ಮಾತ್ರ ಮಾತು ಮರೆತವಳಂತೆ ಕಣ್ಣು ಮುಚ್ಚಿ ಕೂತಿದ್ದಳು. ಬೇರೆಯವರು ನನ್ನ ತಲೆ ಮುಟ್ಟಿ ಬಹಳ ವರ್ಷವಾಗಿತ್ತು ಎಂದಳು. ನಾನು ಇನ್ನೊಂದು ಬೈತಲೆ ತೆಗೆದೆ.

ಎರಡು ದಿನ ಬಿಟ್ಟು ಅವಳು ನೀಲಿಯನ್ನು ತನ್ನ ಮನೆಯಲ್ಲೇ ಹಚ್ಚಿಕೊಂಡಳು, ಹೇಗೆಂದು ಹೇಳಿಕೊಟ್ಟಿದ್ದೆ. ಅದರ ಮರುದಿನ ಬೆಳಿಗ್ಗೆ ಕೆಳಗಿನ ಮನೆಯಲ್ಲಿ ಫೋನು ರಿಂಗಾಯಿತು. ಆಪಾ ನನ್ನನ್ನು ಕೂಗಿ ಕರೆದರು. ರಿಸೀವರ್ ಕಿವಿಗಿಟ್ಟರೆ ಅತ್ತ ಕಡೆಯಿಂದ, "ನಲ್ಲಗಾ ವಚ್ಚಿಂದಂಡಿ" ಎಂದು ಒಂದೇ ಮಾತು, ಅದರ ಹಿಂದೆ ನಗು. ನಾನು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದೆ, "ಅತ್ತಿ, ಆಕಿಗೂ ಕಪ್ಪ ಬಂದೈತಂತ್ರಿ."

ಬಾಲ್ಕನಿಯಲ್ಲಿ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಹಗ್ಗಕ್ಕೆ ಸಿಕ್ಕಿಸುತ್ತಿದ್ದ ಅತ್ತೆ ಕೆಳಗೆ ನೋಡಲೂ ಇಲ್ಲ.

"ಬರದ ಏನ ಮಾಡ್ತೈತಿ" ಎಂದರು.